ಹಿಂದಿನ ಪ್ರಕಟಣೆ ತಪ್ಪಾಗಿದೆ

ಗಾಳಿ ಸ್ಟೇಷನ್ ಕಡೆಯಿಂದ ಬೀಸಿದ ದಿನ ಗಮನಕ್ಕ ಒಂದೇ ಹೊತ್ತಿಗೆ ಎರಡು ಕಡೆ ಇರುತ್ತಿದ್ದಳು. ಅಡಿಗೆಮನೆಯಲ್ಲಿ ಕೂತು ಬಟಾಣಿ ಸುಲಿಯುವವಳು ಒಬ್ಬಳು. ಕಿಟಕಿಯಾಚೆ, ಹಳಿಗಳ ಮೇಲಿಂದ ತೇಲಿಬಂದು, "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ ಬರುವ ಹೋಗುವ ರೈಲುಗಳ ವರದಿ ಒಪ್ಪಿಸುವವಳು ಇನ್ನೊಬ್ಬಳು. ಅವಳು ನಿವೃತ್ತಳಾಗಿ ಕೆಲವು ವರ್ಷಗಳೇ ಆಗಿದ್ದರೂ ಅವಳ ದನಿಗೆ ಸ್ಟೇಷನ್ನಿನವರು ನಿವೃತ್ತಿ ಕೊಟ್ಟಿರಲಿಲ್ಲ. ಊರುಗಳ ಹೆಸರು, ಅಂಕಿಗಳು, "ತಡವಾಗಿ ಬರಲಿದೆ", "ವಿಷಾದಿಸುತ್ತೇವೆ" ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿ ಯಂತ್ರದಲ್ಲಿ ತುಂಬಿಟ್ಟುಕೊಂಡಿದ್ದರು. ಈಗ ಯಂತ್ರವೇ ಬೇಕಾದ್ದನ್ನು ಹೆಕ್ಕಿ ಪೋಣಿಸಿ ಹೇಳುತ್ತಿತ್ತು.

"ನೋಡು, ನನ್ನ ಎರಡನೇ ಹೆಂಡತಿ ಶುರು ಮಾಡಿದ್ಲು," ಎಂದು ಗಂಡ ದಿನಾ ಅದೇ ತಮಾಷೆ ಮಾಡುತ್ತಿದ್ದ. ಅವನದು ಕನ್ನಡಕದ ಅಂಗಡಿ. "ಅವಳೇ ವಾಸಿ. ಹೇಳಬೇಕಾದ್ದನ್ನ ಹೇಳಿ ಸುಮ್ಮನಾಗ್ತಾಳೆ."

"ಅವಳ ಕೈಲೇ ಊಟಕ್ಕೂ ಹಾಕಿಸಿಕೊಳ್ಳಿ," ಎನ್ನುವುದು ಗಮನಕ್ಕನ ಉತ್ತರ.

ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರ ನಾಲಿಗೆಗೂ ಬರುತ್ತಿರಲಿಲ್ಲ. "ಗಮನಕ್ಕೆ, ಗಮನಕ್ಕೆ" ಎನ್ನುವವಳು ಮಕ್ಕಳ ಬಾಯಲ್ಲಿ ಗಮನಕ್ಕನಾಗಿ, ಆಮೇಲೆ ದೊಡ್ಡವರಿಗೂ ಹಾಗೇ ಆಗಿಬಿಟ್ಟಳು. ಅವಳ ಮಾತೆಂದರೆ ಮಾತು. ರೈಲು ಬೇರೆ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಅವಳು ಹೇಳಿದರೆ ಜನ ಬೋರ್ಡಿನ ಕಡೆ ಕಣ್ಣೆತ್ತಿಯೂ ನೋಡದೆ ಮೂಟೆ ಎತ್ತಿಕೊಂಡು ಓಡುತ್ತಿದ್ದರು. ಇದು ಅವಳಿಗೆ ಗೊತ್ತಿತ್ತು, ಸಣ್ಣಗೆ ಹೆಮ್ಮೆಯೂ ಇತ್ತು.

ಆ ಬೆಳಿಗ್ಗೆ ಬಟಾಣಿ ಸುಲಿಯುತ್ತಿದ್ದವಳಿಗೆ ಏನೋ ಕೊರತೆ ಅನ್ನಿಸಿತು. ಕೆಳಗಿನ ಮನೆಯ ಯಂತ್ರದ ಸದ್ದಿಲ್ಲ. ಕೆಳಗೆ ಬಾಡಿಗೆಗಿದ್ದ ಹೆಂಗಸು ಕಂಪ್ಯೂಟರ್ ಕಸೂತಿ ಯಂತ್ರ ಇಟ್ಟುಕೊಂಡು ಶಾಲೆಗಳ ಸಮವಸ್ತ್ರದ ಮೇಲೆ ಲಾಂಛನ ಹಾಕಿಕೊಡುತ್ತಿದ್ದಳು. ಬೆಳಗಾದರೆ ಅದರ ಸೂಜಿಗಳ ಗಡಗಡ ಸದ್ದಿಗೆ ಮೇಲಿನ ಮನೆಯ ಲೋಟಗಳು ಕಪಾಟಿನಲ್ಲಿ ನಡುಗುತ್ತಿದ್ದವು. ಶಾಲೆ ತೆರೆಯುವ ಕಾಲದಲ್ಲಿ ಆ ಯಂತ್ರ ನಿಂತದ್ದೇ ಇಲ್ಲ. ಗಮನಕ್ಕ ಬಟ್ಟಲು ಪಕ್ಕಕ್ಕಿಟ್ಟು ಕೆಳಗಿಳಿದಳು.

ಕಸೂತಿಯವಳು ಯಂತ್ರದ ಮುಂದೆ ಕೂತಿದ್ದಳು. ಅರ್ಧ ಹೊಲಿದ ಲಾಂಛನ ಫ್ರೇಮಿನಲ್ಲೇ ಇತ್ತು. ಅವಳ ಅತ್ತೆ ಬಾಗಿಲ ಬಳಿ ನಿಂತು ಗೊಣಗುತ್ತಿದ್ದರು. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗೆ. ಅವರೇನು ಇವಳಿಗೆ ಫೋನ್ ಮಾಡಿದ್ರಾ? ಇವಳೇ ಮಾಡಿದ್ದು, ಇವಳೇ."

"ಏನಾಯ್ತೇ?" ಎಂದಳು ಗಮನಕ್ಕ.

ಕಸೂತಿಯವಳು ಹೇಳಿದಳು. ಹಿಂದಿನ ದಿನ ಹೊಸ ಚಿತ್ರವೊಂದನ್ನು ಹುಡುಕುತ್ತಿದ್ದಾಗ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಕೆಂಪಾಯಿತಂತೆ. ಏನು ಒತ್ತಿದರೂ ಹೋಗಲಿಲ್ಲವಂತೆ. ವರ್ಷಗಟ್ಟಲೆ ಮಾಡಿಟ್ಟ ಚಿತ್ರಗಳೆಲ್ಲ ಅದರೊಳಗೇ ಇದ್ದವು. ಅಷ್ಟರಲ್ಲಿ ಒಳಗಿಂದ ದನಿಯೊಂದು ಮಾತಾಡಿ, ಒಂದು ನಂಬರ್ ಹೇಳಿತು. ಇವಳು ಮಾಡಿದಳು. ಆ ಕಡೆಯವನು ಬಹಳ ಮರ್ಯಾದೆಯಿಂದ, ದೂರದಿಂದಲೇ ಕಂಪ್ಯೂಟರ್ ರಿಪೇರಿ ಮಾಡುತ್ತೇನೆಂದು ಅದನ್ನು ಒತ್ತಿ ಇದನ್ನು ಒತ್ತಿ ಎನ್ನುತ್ತ ಅದರೊಳಗೆ ಬಂದ. ಪರದೆ ಸರಿಹೋಯಿತು. ಸಂಜೆ ನೋಡಿದರೆ ಬ್ಯಾಂಕಿನಲ್ಲಿ ಏನೂ ಉಳಿದಿರಲಿಲ್ಲ. ಎರಡನೇ ಯಂತ್ರಕ್ಕೆಂದು ಕೂಡಿಟ್ಟದ್ದೂ ಹೋಗಿತ್ತು, ಶಾಲೆಗಳವರು ದಾರಕ್ಕೆಂದು ಕೊಟ್ಟ ಮುಂಗಡವೂ ಹೋಗಿತ್ತು.

"ನಾನೇನು ಅಷ್ಟು ದಡ್ಡಿ ಅಲ್ಲ ಅಕ್ಕಾ," ಎಂದಳು ಅವಳು. "ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ಅದು ನಿಮ್ಮ ದನಿ."

ಗಮನಕ್ಕ ನಗಲು ನೋಡಿದಳು. "ನನ್ನ ದನೀನಾ?"

"ನಿಮ್ಮದೇ. 'ಗ್ರಾಹಕರ ಗಮನಕ್ಕೆ. ನಿಮ್ಮ ಕಂಪ್ಯೂಟರ್‌ನಲ್ಲಿ ಗಂಭೀರ ದೋಷ ಕಂಡುಬಂದಿದೆ. ದಯವಿಟ್ಟು ಆಫ್ ಮಾಡಬೇಡಿ.' ಸ್ಟೇಷನ್‌ನಲ್ಲಿ ಹೇಳ್ತೀರಲ್ಲ, ಹಾಗೇ. ನನ್ನ ಕೈ ತಾನಾಗೇ ಫೋನ್ ಎತ್ಕೊಳ್ತು."

ಗಮನಕ್ಕನ ನಗು ನಿಂತಿತು. ಆ ಮಾತುಗಳು ಅವಳಿಗೆ ಗೊತ್ತಿದ್ದವು. ಎಲ್ಲಿ ಉಸಿರು ತೆಗೆದುಕೊಂಡಿದ್ದೆ ಎನ್ನುವುದೂ ಗೊತ್ತಿತ್ತು. ಕಸೂತಿಯವಳು ಮಾತ್ರ ತನ್ನಷ್ಟಕ್ಕೆ ಮುಂದುವರಿಸಿದಳು. "ಯಾರೋ ನಿಮ್ಮ ದನೀನ ಕದ್ದಿದಾರೆ ಅಕ್ಕಾ. ಈಗ ಕಂಪ್ಯೂಟರಲ್ಲಿ ಯಾರ ದನೀನ ಬೇಕಾದ್ರೂ ಮಾಡ್ತಾರಂತೆ. ಪಾಪ, ನಿಮಗೂ ಮೋಸ."

ಗಮನಕ್ಕ ಬಾಯಿ ತೆರೆದಳು. ಅಲ್ಲ ಕಣೇ, ಯಾರೂ ಕದ್ದಿಲ್ಲ ಎನ್ನಬೇಕಿತ್ತು. "ಹೌದಾ," ಎಂದಷ್ಟೇ ಅಂದಳು. ಅಂದವಳು ಮೆಟ್ಟಿಲು ಹತ್ತಿ ಬಂದು ಬಟಾಣಿಯ ಮುಂದೆ ಕೂತಳು. ಒಂದು ಕಾಯನ್ನೂ ಸುಲಿಯಲಿಲ್ಲ.

ಕಳೆದ ವರ್ಷ ಒಂದು ರೆಕಾರ್ಡಿಂಗ್ ಸ್ಟುಡಿಯೋದ ಮ್ಯಾನೇಜರ್ ಅವಳನ್ನು ಹುಡುಕಿಕೊಂಡು ಬಂದಿದ್ದ. ಕಂಪ್ಯೂಟರ್ ರಿಪೇರಿ ಸೇವೆಯವರಿಗಾಗಿ, ಗ್ರಾಹಕರಿಗೆ ಕೇಳಿಸುವ ಕೆಲವು ಸೂಚನೆಗಳನ್ನು ಓದಿಕೊಡಬೇಕು ಎಂದಿದ್ದ. ನಿವೃತ್ತಿಯ ಮೇಲೂ ತನ್ನನ್ನು ಯಾರೋ ಕೇಳಿಕೊಂಡು ಬಂದರಲ್ಲ ಎಂದು ಅವಳು ಒಳ್ಳೆಯ ಸೀರೆ ಉಟ್ಟು ಸ್ಟುಡಿಯೋಗೆ ಹೋಗಿದ್ದಳು. ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆ, ಗಾಜಿನಾಚೆ ಮ್ಯಾನೇಜರ್. "ಸ್ವಲ್ಪ ಗಾಬರಿ ಇರಲಿ ಮೇಡಂ," ಎಂದಿದ್ದ ಅವನು. ಆಗ ಅವಳೇ ಅವನಿಗೆ ಪಾಠ ಹೇಳಿದ್ದಳು. "ಗಾಬರಿ ದನಿ ಕೇಳಿದ್ರೆ ಜನ ಅನುಮಾನ ಪಡ್ತಾರಪ್ಪ. ಸ್ಟೇಷನ್‌ನಲ್ಲಿ ಬೆಂಕಿ ಬಿದ್ರೂ ನಾವು ಸಮಾಧಾನವಾಗೇ ಹೇಳೋದು. ಸಮಾಧಾನವಾಗಿ ಹೇಳಿದ್ರೆ ಹೇಳಿದ ಹಾಗೆ ಕೇಳ್ತಾರೆ." ಹಾಗೆಯೇ ಓದಿಯೂ ತೋರಿಸಿದ್ದಳು. ಅವನು ಕಣ್ಣರಳಿಸಿ, "ಅನುಭವ ಅಂದ್ರೆ ಇದು," ಎಂದಿದ್ದ. ಅವತ್ತು ಮನೆಗೆ ಬಂದು ಆ ಮಾತನ್ನು ಗಂಡನಿಗೆ ಎರಡು ಸಲ ಹೇಳಿದ್ದಳು.

ಎಲ್ಲಿ ಕೇಳಿಸುತ್ತೀರಿ, ಯಾರಿಗೆ, ಯಾಕೆ ಆಫ್ ಮಾಡಬಾರದು ಎಂದು ಒಂದು ಮಾತೂ ಕೇಳಿರಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಕನ್ನಡಕ ತೆಗೆದು ಒರೆಸುತ್ತ ಕೂತ. "ನೀನು ಓದಿದ್ದು. ಬರೆದವರು ಬೇರೆ, ದುಡ್ಡು ಹೊಡೆದವರು ಬೇರೆ," ಎಂದ. "ರೈಲು ತಡ ಆದ್ರೆ ಅನೌನ್ಸ್ ಮಾಡಿದವಳ ತಪ್ಪಾ?"

"ತಡ ಆದ ರೈಲಿಗೆ ಸರಿಯಾಗಿದೆ ಅಂತ ಹೇಳಿದ್ರೆ ನನ್ನ ತಪ್ಪೇ."

"ಕದ್ದಿದಾರೆ ಅಂತ ಅವಳೇ ಹೇಳ್ತಿದಾಳಲ್ಲ. ಹಾಗೇ ಇರ್ಲಿ ಬಿಡು. ನೀನು ಹೇಳಿದ್ರೆ ಅವಳ ದುಡ್ಡು ಬರುತ್ತಾ? ಸ್ಟೇಷನ್ನಿನವರ ಕಿವಿಗೆ ಬಿದ್ರೆ ಏನಾಗುತ್ತೆ ಯೋಚನೆ ಮಾಡು. ಮೋಸದ ದನೀನ ಅವರು ಮೈಕಲ್ಲಿ ಇಟ್ಕೋತಾರಾ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಕೊನೆಯ ಮಾತು. ಜೀವಮಾನವೆಲ್ಲ ದುಡಿದು ಅವಳು ಹಿಂದೆ ಬಿಟ್ಟುಬಂದದ್ದು ಆ ದನಿಯೊಂದನ್ನೇ.

ಸುದ್ದಿ ಬೀದಿಯಲ್ಲಿ ಹರಡಿತು. ಎದುರಾದವರೆಲ್ಲ, "ನಿಮ್ಮ ದನೀನ ಕದ್ದರಂತೆ ಗಮನಕ್ಕಾ, ಅನ್ಯಾಯ," ಎಂದು ಮರುಗುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಮುಟ್ಟಿ ನೋಡಿಕೊಳ್ಳುವ ಧೈರ್ಯವೂ ಇಲ್ಲದೆ ಸೆರಗು ಹೊದ್ದುಕೊಂಡು ಓಡಾಡಿದಳು. ಅಂಗಡಿಯಲ್ಲಿ ಏನಾದರೂ ಕೇಳುವಾಗಲೂ ದನಿ ತಗ್ಗಿಸುತ್ತಿದ್ದಳು.

ದೂರು ಕೊಡಲು ಹೊರಟ ಕಸೂತಿಯವಳು ಜೊತೆಗೆ ಬನ್ನಿ ಎಂದಾಗ ಇಲ್ಲವೆನ್ನಲಾಗಲಿಲ್ಲ. ಗ್ರಾಹಕರ ದೂರು ಕಚೇರಿಯ ಅಧಿಕಾರಿ ಒಳ್ಳೆಯವನೇ. ಪೂರ್ತಿ ಕೇಳಿ, ಕೊನೆಗೆ ಅದೇ ಪ್ರಶ್ನೆ ಹಾಕಿದ. "ಅವರು ನಿಮಗೆ ಮಾಡಿದ್ರಾ, ನೀವು ಅವರಿಗೆ ಮಾಡಿದ್ರಾ?"

"ನಾನೇ ಮಾಡಿದೆ."

"ಅದೇ ತೊಂದರೆ ನೋಡಿ. ಫೋನ್ ಮಾಡಿ ಮಾರೋರಿಗೆ ನಿಯಮ ಇದೆ, ಹಿಡೀತೀವಿ. ಬೇಡದ ಕರೆ ಬಂದ್ರೆ ದಂಡ ಹಾಕ್ತೀವಿ. ಇವರು ಬುದ್ಧಿವಂತರು, ತಾವು ಮಾಡೋದೇ ಇಲ್ಲ. ಪರದೆ ಕೆಂಪು ಮಾಡಿ ನಿಮ್ಮ ಕೈಲೇ ಮಾಡಿಸ್ತಾರೆ. ನೀವಾಗಿ ಕರೆದ್ರಲ್ಲ, ಅಂತಾರೆ. ಕಳ್ಳತನದ ಕೇಸು ಪೊಲೀಸ್ರು ನೋಡ್ತಾರೆ, ಆದ್ರೆ ಆ ಕಡೆ ಯಾರಿದಾರೆ ಅಂತ ಸಿಗೋದೇ ಇಲ್ಲ." ಅವನು ಲೋಟದಲ್ಲಿದ್ದ ನೀರು ಕುಡಿದ. "ಈಗ ನಿಯಮ ಬದಲಾಯಿಸೋ ಮಾತಿದೆ. ಜನ ತಾವಾಗೇ ಮಾಡಿದ ಕರೇಗೂ ಅದು ಅನ್ವಯ ಆಗ್ಬೇಕು ಅಂತ. ಮುಂದಿನ ತಿಂಗಳು ಸಾರ್ವಜನಿಕ ಸಭೆ ಇದೆ. ನೀವು ಬಂದು ಹೇಳಿ. ಕಂಪನಿಯವರ ಕಡೆಯಿಂದ ವಕೀಲರು ಬರ್ತಾರೆ, ಜನರ ಕಡೆಯಿಂದ ಯಾರೂ ಬರಲ್ಲ. ನಾಚಿಕೆ."

"ನಾನು ಬರ್ತೀನಿ," ಎಂದಳು ಕಸೂತಿಯವಳು. "ಅಕ್ಕನ ದನಿ ಕದ್ದಿದ್ದನ್ನೂ ಹೇಳ್ತೀನಿ. ಬರ್ತೀರಲ್ಲ ಅಕ್ಕಾ?"

ಗಮನಕ್ಕ ಹೂಂ ಎಂದಳು.

ಮರುದಿನ ಗಂಡನಿಗೂ ಹೇಳದೆ ಸ್ಟುಡಿಯೋಗೆ ಹೋದಳು. ಮ್ಯಾನೇಜರ್ ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿದ. "ನಾನೇ ಫೋನ್ ಮಾಡೋಣ ಅಂತಿದ್ದೆ ಮೇಡಂ. ಇನ್ನೊಂದು ಸಾಲು ಓದ್ಬೇಕಿತ್ತು," ಎಂದು ಹಾಳೆ ಮುಂದಿಟ್ಟ. ಅದರಲ್ಲಿ ಹೀಗಿತ್ತು: "ಗ್ರಾಹಕರ ಗಮನಕ್ಕೆ. ಈ ಕರೆಯನ್ನು ನೀವು ಸ್ವಂತ ಇಚ್ಛೆಯಿಂದ ಮಾಡಿದ್ದೀರಿ."

ಅವಳು ಹಾಳೆಯನ್ನು ಮುಟ್ಟಲಿಲ್ಲ. "ನಮ್ಮ ಕೆಳಗಿನ ಮನೆಯವಳ ಕಂಪ್ಯೂಟರ್‌ಗೆ ಏನೂ ಆಗಿರ್ಲಿಲ್ಲ. ದೋಷ ಇದೆ ಅಂತ ನನ್ನ ಕೈಲಿ ಹೇಳಿಸಿದ್ರಿ."

ಅವನು ಸಿಟ್ಟಾಗಲಿಲ್ಲ. "ದುಡ್ಡು ತೆಗೆದದ್ದು ಯಾರೋ ಏನೋ, ನಮಗೆ ಗೊತ್ತಿಲ್ಲ ಮೇಡಂ. ನಾವು ರೆಕಾರ್ಡ್ ಮಾಡಿ ಮಾರ್ತೀವಿ. ಕೊಂಡವರು ಇನ್ನೊಬ್ಬರಿಗೆ ಮಾರ್ತಾರೆ. ನಿಜವಾಗಿ ರಿಪೇರಿ ಮಾಡೋರೂ ಇದಾರೆ. ಈ ಹೊಸ ನಿಯಮ ಬಂದ್ರೆ ಅವರೂ ಬಾಗಿಲು ಹಾಕ್ಬೇಕು. ಇಲ್ಲಿ ಕೆಲಸ ಮಾಡೋ ಹುಡುಗೀರು ಮನೆ ನಡೆಸ್ತಿದಾರೆ, ನೀವೇ ನೋಡಿದೀರ."

"ನನ್ನ ದನಿ ತೆಗೆದುಬಿಡಿ."

"ಅದು ಈಗ ನಿಮ್ಮದಲ್ಲ ಮೇಡಂ. ಅವತ್ತೇ ಸಹಿ ಹಾಕಿ ಕೊಟ್ಟುಬಿಟ್ಟಿದೀರ." ಅವನು ನಿಜಕ್ಕೂ ಬೇಸರದಿಂದಲೇ ಹೇಳಿದಂತಿತ್ತು. "ಹೊರಗೆ ಎಲ್ಲೂ ಹೇಳಲ್ಲ ಅಂತಲೂ ಒಪ್ಕೊಂಡಿದೀರ. ದೊಡ್ಡದು ಮಾಡಿದ್ರೆ ಮೊದಲು ಹೋಗೋದು ನಿಮ್ಮ ಹೆಸರೇ."

ಕಾಫಿ ಹಾಗೇ ಬಿಟ್ಟು ಎದ್ದಳು. ದಾರಿ ಸ್ಟೇಷನ್ ಮುಂದೆಯೇ ಹಾದುಹೋಗುತ್ತಿತ್ತು. ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ತಲೆಯ ಮೇಲೆ ಅವಳದೇ ದನಿ ಯಾವುದೋ ರೈಲು ತಡವಾಗಿದ್ದಕ್ಕೆ ವಿಷಾದಿಸುತ್ತಿತ್ತು. ಮುದುಕನೊಬ್ಬ ಹೆಂಡತಿಗೆ, "ಸುಮ್ನೆ ಕೂತ್ಕೋ, ಅವಳು ಹೇಳ್ತಾಳೆ ಬಂದಾಗ," ಎಂದು ಕಣ್ಣುಮುಚ್ಚಿ ಒರಗಿಕೊಂಡ. ಗಮನಕ್ಕನಿಗೆ ಅಳು ಬಂತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಸ್ಟೇಷನ್‌ನಲ್ಲಿ ಅವಳು ಒಂದು ರೈಲಿಗೆ ತಪ್ಪು ಪ್ಲಾಟ್‌ಫಾರಂ ಹೇಳಿದ್ದಳು. ಜನರೆಲ್ಲ ಸೇತುವೆ ಹತ್ತಿದ್ದರು. ಅವಳು ಗಾಬರಿಯಾಗಿ, ಬೇರೆ ಯಾರಾದರೂ ಹೇಳಲಿ ಎಂದು ಮೈಕಿನಿಂದ ಸರಿದಾಗ ಆಗಿನ ಸ್ಟೇಷನ್ ಮಾಸ್ಟರ್ ಮತ್ತೆ ಅಲ್ಲೇ ಕೂರಿಸಿದ್ದರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನೋದು ಹೊರಗಿನವರಿಗಮ್ಮ, ನಮಗಲ್ಲ. ಹಿಂದಿನ ಪ್ರಕಟಣೆ ತಪ್ಪಾಗಿದೆ ಅಂತ ನೀನೇ ಹೇಳು. ಬೇರೆ ದನಿ ಹೇಳಿದ್ರೆ ಯಾವುದು ನಿಜ ಅಂತ ಜನ ಮಧ್ಯದಲ್ಲೇ ನಿಂತ್ಕೋತಾರೆ, ರೈಲು ಹೋಗಿಬಿಡುತ್ತೆ." ಅವಳು ಹೇಳಿದ್ದಳು. ಸೇತುವೆಯ ಮೇಲಿದ್ದವರೆಲ್ಲ ಬೈಯುತ್ತ ತಿರುಗಿ ಇಳಿದಿದ್ದರು. ಆಮೇಲೆ ಬಂದ ಹೊಸಬರಿಗೆಲ್ಲ ಅವಳೂ ಅದನ್ನೇ ಕಲಿಸಿದ್ದಳು.

ಸಭೆಯ ದಿನ ದೊಡ್ಡ ಕೋಣೆಯಲ್ಲಿ ಮುಂದೆ ಸಮಿತಿಯವರು, ಒಂದು ಬದಿಗೆ ಕಂಪನಿಗಳ ಪರ ವಕೀಲ, ಹಿಂದೆ ಖಾಲಿ ಕುರ್ಚಿಗಳ ನಡುವೆ ಅಲ್ಲಲ್ಲಿ ಜನ. ಗಂಡ ಅಂಗಡಿ ಮುಚ್ಚಿ ಬಂದಿದ್ದ. ಅವನಿಗೆ ಅವಳು ಏನೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಕಸೂತಿಯವಳು ತನ್ನ ಕಥೆಯನ್ನು ಚೆನ್ನಾಗಿಯೇ ಹೇಳಿದಳು. ಕೊನೆಗೆ, ನಮ್ಮ ಅಕ್ಕನ ದನಿಯನ್ನು ಕದ್ದು ಇದನ್ನು ಮಾಡಿದ್ದಾರೆ ಎಂದಳು.

ವಕೀಲ ಎದ್ದ. ಅವನದೂ ಮೆತ್ತನೆಯ ಮಾತು. "ಈ ತಾಯಿಗಾದ ನಷ್ಟಕ್ಕೆ ನಮಗೂ ದುಃಖ ಇದೆ. ಆದರೆ ಅವರೇ ಹೇಳ್ತಿದಾರೆ, ಅದು ಯಂತ್ರದಲ್ಲಿ ಕದ್ದು ಮಾಡಿದ ದನಿ ಅಂತ. ಯಾರೋ ಅನಾಮಧೇಯ ಕಳ್ಳರು ಮಾಡಿದ್ದು. ಅಂಥವರು ಯಾವ ನಿಯಮಕ್ಕೂ ಬಗ್ಗೋರಲ್ಲ. ಅವರಿಗೋಸ್ಕರ ನೋಂದಣಿ ಮಾಡಿಸಿ, ಆಫೀಸ್ ಇಟ್ಟು, ಗ್ರಾಹಕರ ಕರೆಗೆ ಉತ್ತರ ಕೊಡೋ ಕಂಪನಿಗಳ ಮೇಲೆ ಯಾಕೆ ನಿಯಮ ಹೇರ್ತೀರಿ?"

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸೂತಿಯವಳು ತಿರುಗಿ ಗಮನಕ್ಕನ ಕಡೆ ನೋಡಿದಳು. ತಾನು ಸಾಕಿದ ಸುಳ್ಳು ಈಗ ಆ ವಕೀಲನ ಕೈಹಿಡಿದು ನಡೆಸುತ್ತಿರುವುದನ್ನು ಗಮನಕ್ಕ ಕಂಡಳು.

ಅವಳು ಎದ್ದು ಮೈಕಿನ ಬಳಿ ಹೋದಳು. ನಿವೃತ್ತಿಯಾದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ; ಬೆರಳಿನಿಂದ ಮೈಕನ್ನು ಒಂದಿಷ್ಟು ಕೆಳಗೆ ಬಾಗಿಸಿ, ಉಸಿರು ಎಳೆದುಕೊಂಡಳು.

"ಗ್ರಾಹಕರ ಗಮನಕ್ಕೆ. ನಿಮ್ಮ ಕಂಪ್ಯೂಟರ್‌ನಲ್ಲಿ ಗಂಭೀರ ದೋಷ ಕಂಡುಬಂದಿದೆ. ದಯವಿಟ್ಟು ಆಫ್ ಮಾಡಬೇಡಿ."

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, "ಅಯ್ಯೋ, ಇದೇ ದನಿ ನಂಗೂ ಬಂದಿದ್ದು," ಎಂದಳು. ವಕೀಲ ಹಾಳೆ ತಿರುವುವುದನ್ನು ನಿಲ್ಲಿಸಿದ.

ಗಮನಕ್ಕ ಅದೇ ದನಿಯಲ್ಲಿ, ಅದೇ ಸಮಾಧಾನದಲ್ಲಿ ಹೇಳಿದಳು: "ಹಿಂದಿನ ಪ್ರಕಟಣೆ ತಪ್ಪಾಗಿದೆ. ಈ ದನಿಯನ್ನು ಯಾರೂ ಕದ್ದಿಲ್ಲ. ಸ್ಟುಡಿಯೋದಲ್ಲಿ ಕೂತು, ಕೂಲಿ ತೆಗೆದುಕೊಂಡು, ನಾನೇ ಓದಿದ್ದೇನೆ. ಓದಿಸಿದವರಿಗೆ ಆಫೀಸ್ ಇದೆ, ವಿಳಾಸ ಇದೆ. ನಾನು ಹೋಗಿದ್ದೇನೆ. ಉಂಟಾದ ತೊಂದರೆಗೆ..." ಇಲ್ಲಿಗೆ ಬಂದು ಅವಳು ಮೈಕಿನ ಕಂಬ ಹಿಡಿದುಕೊಂಡಳು. ಮುಂದಿನ ಪದವನ್ನು ಅವಳು ಸಾವಿರಾರು ಸಲ ಹೇಳಿದ್ದಳು, ಎಂದೂ ತನ್ನೊಬ್ಬಳ ಪರವಾಗಿ ಹೇಳಿರಲಿಲ್ಲ. "ವಿಷಾದಿಸುತ್ತೇನೆ," ಎಂದಳು.

ಸಮಿತಿಯವರು ಆಮೇಲೆ ಬಹಳ ಹೊತ್ತು ಪ್ರಶ್ನೆ ಕೇಳಿದರು. ಗೊತ್ತಿದ್ದಷ್ಟಕ್ಕೆ ಉತ್ತರ ಕೊಟ್ಟಳು. ತಿರುಗಿ ನೋಡಿದಾಗ ಕಸೂತಿಯವಳ ಕುರ್ಚಿ ಖಾಲಿಯಾಗಿತ್ತು. ಬಸ್ಸಿನಲ್ಲಿ ಗಂಡ ಅವಳ ಪಕ್ಕ ಕೂತು, "ನಿನ್ನ ಗಂಟಲು ಕಟ್ಟಿದೆ, ಮನೆಗೆ ಹೋಗಿ ಬಿಸಿನೀರು ಕುಡಿ," ಎಂದಷ್ಟೇ ಹೇಳಿದ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಸ್ಟುಡಿಯೋದಿಂದ ವಕೀಲರ ನೋಟಿಸ್ ಬಂತು. ಮರುಗುತ್ತಿದ್ದ ಬೀದಿಯವರು ಈಗ ಎದುರಾದರೆ ರಸ್ತೆಯ ಆ ಬದಿಗೆ ಹೋದರು. ಕೆಳಗಿನ ಮನೆಯ ಅತ್ತೆ ಮೆಟ್ಟಿಲ ಬಳಿ ನಿಂತು ಕೇಳಿಸುವ ಹಾಗೆ ಆಡಿಕೊಂಡರು. ಕಸೂತಿಯವಳು ಆಡಿಕೊಳ್ಳಲಿಲ್ಲ, ಮುಖವನ್ನೂ ತೋರಿಸಲಿಲ್ಲ. ಅವಳು ಯಾರಿಂದಲೋ ಕೈಗಡ ತಂದಿದ್ದಳು, ಯಂತ್ರ ಮತ್ತೆ ಓಡತೊಡಗಿತ್ತು. ಮೇಲಿನ ಮನೆಯಲ್ಲಿ ಲೋಟಗಳು ನಡುಗುತ್ತಿದ್ದವು. ಆ ಸದ್ದೊಂದು ಗಮನಕ್ಕನಿಗೆ ಸಮಾಧಾನ.

ಒಂದು ದಿನ ಗಾಳಿ ಸ್ಟೇಷನ್ ಕಡೆಯಿಂದ ಬೀಸಿತು. "ಪ್ರಯಾಣಿಕರ ಗಮನಕ್ಕೆ" ಎಂದದ್ದು ಬೇರೆ ದನಿ. ಚಿಕ್ಕ ವಯಸ್ಸಿನವಳದಿರಬೇಕು, ಊರಿನ ಹೆಸರಿನ ಕೊನೆಯನ್ನು ನುಂಗುತ್ತಿದ್ದಳು. ಗಂಡ ಎದ್ದು ಕಿಟಕಿ ಮುಚ್ಚಲು ಹೋದ.

"ತೆಗೆದಿರ್ಲಿ ಬಿಡಿ," ಎಂದಳು ಅವಳು. "ಪಾಪ, ಕಲೀತಾಳೆ."

ನಿಯಮ ಜಾರಿಗೆ ಬಂದ ಸುದ್ದಿಯನ್ನು ಗಂಡ ಪತ್ರಿಕೆಯಿಂದ ಓದಿ ಹೇಳಿದ. ಕಂಪ್ಯೂಟರ್ ರಿಪೇರಿಯ ಹೆಸರಿನಲ್ಲಿ ಮೋಸಮಾಡಿದರೆ, ಕರೆ ಯಾರೇ ಮಾಡಿರಲಿ, ಇನ್ನು ಹಿಡಿಯಬಹುದು. ಸಭೆಯ ವಿಷಯ, ಅವಳ ವಿಷಯ ಅದರಲ್ಲಿ ಇರಲಿಲ್ಲ. ಕೆಳಗಿನವಳ ದುಡ್ಡು ಬಂದಿತೇ ಎಂದು ಕೇಳಲು ಅವಳಿಗೆ ಬಾಯಿರಲಿಲ್ಲ. ಬಂದಿರಲಿಲ್ಲ ಎಂದು ಯಂತ್ರದ ಸದ್ದೇ ಹೇಳುತ್ತಿತ್ತು. ಓಡುತ್ತಿದ್ದದ್ದು ಒಂದೇ ಯಂತ್ರ.

ಅದಾದ ಕೆಲವು ವಾರಕ್ಕೆ ಒಂದು ಮಧ್ಯಾಹ್ನ ಆ ಸದ್ದು ಫಕ್ಕನೆ ನಿಂತಿತು. ಗಮನಕ್ಕ ಕೈಲಿದ್ದ ಸೌಟು ಹಾಗೇ ಹಿಡಿದು ನಿಂತಳು. ಕೆಳಗಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಮೆಟ್ಟಿಲ ಕೆಳಗಿನಿಂದ ಕಸೂತಿಯವಳ ದನಿ ಕೇಳಿಸಿತು.

"ಗಮನಕ್ಕಾ."

ಅವಳು ಮೆಟ್ಟಿಲ ತುದಿಗೆ ಬಂದಳು. ಕಸೂತಿಯವಳು ಮೇಲೆ ಹತ್ತಿರಲಿಲ್ಲ. ಕೈಯಲ್ಲಿ ದಾರದ ಉಂಡೆ, ಮುಖ ಇನ್ನೂ ಬಿಗಿಯಾಗೇ ಇತ್ತು.

"ಪರದೆ ಮತ್ತೆ ಕೆಂಪಾಗಿದೆ," ಎಂದಳು. "ಯಾವುದೋ ಗಂಡಸಿನ ದನಿ. ಆಫ್ ಮಾಡಬೇಡಿ ಅಂತಿದೆ. ನೀವು ಹೇಳಿ, ಏನು ಮಾಡ್ಲಿ?"

"ಆಫ್ ಮಾಡು," ಎಂದಳು ಗಮನಕ್ಕ.

ಕಸೂತಿಯವಳು ಅವಳನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಸ್ವಿಚ್ಚು ಒತ್ತಿದ ಸದ್ದು ಮೇಲಿನವರೆಗೂ ಕೇಳಿಸಿತು. ಗಮನಕ್ಕ ಸೌಟು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಕಾದಳು. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಗಡಗಡ ಎನ್ನತೊಡಗಿತು.